ಕೈಗೂಸಿಗೆ ಎಷ್ಟು ಕೈ?

ಎಳೆಯ ಮಗುವಿಗೆ ಕೈಗೂಸು ಎನ್ನುತ್ತೇವೆ. ಇನ್ನೂ ಕೈಯಿಂದ ಇಳಿಯದ ಕೂಸು. ಯಾರ ಕೈ ಎಂದು ಆ ಮಾತು ಹೇಳುವುದಿಲ್ಲ. ತಾಯಿಯದಿರಬಹುದು, ಅಜ್ಜಿಯದಿರಬಹುದು, ಶಾಲೆ ಬಿಟ್ಟು ತಮ್ಮನನ್ನು ಕಂಕುಳಲ್ಲಿ ಹೊತ್ತ ಎಂಟು ವರ್ಷದ ಅಕ್ಕನದೂ ಇರಬಹುದು. ತಾಯಿ ದುಡಿಯಲು ಹೊರಟ ಮನೆಗಳಲ್ಲಿ ಅದು ಈಗ ಹೆಚ್ಚಾಗಿ ಇನ್ನೊಬ್ಬ ದುಡಿಯುವ ಹೆಣ್ಣುಮಗಳ ಕೈ. ಅಂಗನವಾಡಿಯ ಟೀಚರ್, ಅಲ್ಲಿಯ ಸಹಾಯಕಿ, ಗಾರ್ಮೆಂಟ್ಸ್ ಕಾರ್ಖಾನೆಯ ಶಿಶುಪಾಲನಾ ಕೊಠಡಿಯಲ್ಲಿ ಕೂತ ಆಯಾ, ಬಡಾವಣೆಯ ಪ್ಲೇಸ್ಕೂಲಿನ ಮಿಸ್.

ಮಗುವನ್ನು ಹೀಗೆ ಮನೆಯಾಚೆಗೆ ಒಪ್ಪಿಸಿದ ಮೇಲೆ ಕಟ್ಟುಪಾಡು ಬೇಕೇ ಬೇಕು. ಎರಡು ವರ್ಷದ ಮಗು ತನಗೇನಾಯಿತೆಂದು ಸಂಜೆ ಮನೆಗೆ ಬಂದು ಹೇಳಲಾರದು. ಅದರ ಪರವಾಗಿ ಕಾನೂನೇ ಮಾತಾಡಬೇಕು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಅದಾದ ಮೇಲೆ ಬಂದ ಮೊಕದ್ದಮೆಯಲ್ಲಿ, ಸುರಕ್ಷಿತವಾದ ಶಾಲೆಯೂ ಶಿಕ್ಷಣದ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಚಾವಣಿ ಯಾವುದರದ್ದು, ಬಾಗಿಲು ಎಷ್ಟು, ಒಲೆ ಎಲ್ಲಿ ಎಂದು ಯಾರಾದರೂ ಬಂದು ಕೇಳಬೇಕು. ಕೇಳದೆ ಹೋದದ್ದರ ಬೆಲೆ ಏನೆಂದು ಆ ಊರಿನ ತಾಯಂದಿರಿಗೆ ಗೊತ್ತು.

ಆದ್ದರಿಂದ ನನ್ನ ತಕರಾರು ನಿಯಮಗಳು ಇವೆ ಎಂಬುದರ ಮೇಲಲ್ಲ, ಅವು ಏನನ್ನು ಎಣಿಸುತ್ತವೆ ಎಂಬುದರ ಮೇಲೆ. ಗೋಡೆ, ಬೇಲಿ, ಶೌಚಾಲಯ, ಕ್ಯಾಮೆರಾ, ರಿಜಿಸ್ಟರು, ಫೋಟೊ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮಗುವನ್ನು ಎತ್ತಿಕೊಳ್ಳಲು ಎಷ್ಟು ಕೈಗಳಿವೆ, ಆ ಕೈಗಳಿಗೆ ಎಷ್ಟು ಹೊತ್ತು ಬಿಡುವಿದೆ, ವರ್ಷ ತುಂಬುವತನಕ ಅದೇ ಕೈ ಇರುತ್ತದೆಯೇ, ಅದಕ್ಕೆ ಎಷ್ಟು ಕೊಡುತ್ತಿದ್ದೇವೆ, ಇದನ್ನು ಯಾವ ಕಾಯ್ದೆಯೂ ಗಟ್ಟಿಯಾಗಿ ಕೇಳುವುದಿಲ್ಲ. ಮಗುವಿನ ಹಿತಕ್ಕೆ ಮಾಡಿದ ನಿಯಮ ಮಗುವನ್ನು ತಲುಪುವುದು ಮಾತ್ರ ಆ ಹೆಣ್ಣುಮಗಳ ಮೂಲಕ. ಅವಳ ಹೊತ್ತನ್ನು ತಿನ್ನುವ ನಿಯಮ ಮಗುವಿನ ಪಾಲನ್ನೇ ತಿನ್ನುತ್ತದೆ.

ಬೆಳಗ್ಗೆ ಹತ್ತೂವರೆಗೆ ಯಾವುದಾದರೂ ಹಳ್ಳಿಯ ಅಂಗನವಾಡಿಯ ಬಾಗಿಲಲ್ಲಿ ಅರ್ಧ ಗಂಟೆ ನಿಂತು ನೋಡಿ. ಸಹಾಯಕಿ ಒಳಗೆ ಒಲೆಯ ಮುಂದೆ ಇರುತ್ತಾಳೆ. ಅನ್ನ ಸಾಂಬಾರು ಆಗಬೇಕು, ಮೊಟ್ಟೆ ಬೇಯಬೇಕು, ಹಾಲು ಕಾಯಬೇಕು. ಹೊರಗೆ ಚಾಪೆಯ ಮೇಲೆ ಮೂರರಿಂದ ಆರು ವರ್ಷದ ಇಪ್ಪತ್ತೋ ಇಪ್ಪತ್ತೈದೋ ಮಕ್ಕಳು, ನಡುವೆ ಟೀಚರ್ ಒಬ್ಬಳೇ. ಹೊಸದಾಗಿ ಸೇರಿದ ಮಗು ಬಾಗಿಲ ಕಡೆ ನೋಡಿಕೊಂಡು ಅಳುತ್ತಿದೆ. ಇನ್ನೊಂದು ಚಡ್ಡಿ ಒದ್ದೆ ಮಾಡಿಕೊಂಡಿದೆ. ಅಷ್ಟರಲ್ಲಿ ಬಾಣಂತಿಯೊಬ್ಬಳು ಮಗುವಿನ ತೂಕ ಹಾಕಿಸಲು ಬಂದಳು. ಗರ್ಭಿಣಿಯರು ಊಟಕ್ಕೆ ಬರುವ ಹೊತ್ತಾಯಿತು. 2017ರ ಮಾತೃಪೂರ್ಣ ಯೋಜನೆಯ ಬಿಸಿಯೂಟ ಬಡಿಸುವುದೂ ಇಲ್ಲಿಯೇ. ಮೇಲ್ವಿಚಾರಕಿಯ ಫೋನ್: ನಿನ್ನೆಯ ಮಾಹಿತಿ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಏರಿಲ್ಲ, ಮಧ್ಯಾಹ್ನದೊಳಗೆ ಏರಿಸಿ. ನೆಟ್‌ವರ್ಕ್ ಸಿಗುವುದು ಕಟ್ಟೆಯ ಹತ್ತಿರ. ಟೀಚರ್ ಫೋನ್ ಹಿಡಿದು ಅಲ್ಲಿಗೆ ಹೋದರೆ ಚಾಪೆಯ ಮೇಲಿನ ಮಕ್ಕಳಿಗೆ ಯಾರು?

ಇದು ಯಾರದೋ ಸೋಮಾರಿತನದಿಂದ ಹುಟ್ಟಿದ ಸ್ಥಿತಿಯಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ಅದರಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು, ಆರು ಸೇವೆಗಳನ್ನು ಒಬ್ಬ ಕಾರ್ಯಕರ್ತೆಯ ಹೆಗಲಿಗೆ ಹಾಕಲಾಯಿತು: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಆರೋಗ್ಯದ ತಿಳಿವಳಿಕೆ, ಚುಚ್ಚುಮದ್ದು, ತಪಾಸಣೆ, ಆಸ್ಪತ್ರೆಗೆ ಕಳಿಸುವುದು. ಆಮೇಲೆ ಭಾಗ್ಯಲಕ್ಷ್ಮಿ ಯೋಜನೆಯ ಅರ್ಜಿ ಬಂತು, ಸ್ತ್ರೀಶಕ್ತಿ ಸಂಘದ ಲೆಕ್ಕ ಬಂತು, ಮತದಾರರ ಪಟ್ಟಿಯ ಕೆಲಸ ಬಂತು, ಒಂದಾದ ಮೇಲೊಂದು ಸಮೀಕ್ಷೆ ಬಂತು. ಮನೆಗೆ ಒಯ್ಯುವ ಆಹಾರಕ್ಕೆ 2025ರಲ್ಲಿ ಮುಖ ಗುರುತಿಸುವ ಕ್ರಮವೂ ಸೇರಿತು. ಮೊಬೈಲ್ ಮುಂದೆ ಫಲಾನುಭವಿಯ ಮುಖ ಹಿಡಿದು, ಆ್ಯಪ್ ಒಪ್ಪುವವರೆಗೆ ಕಾಯಬೇಕು. ಒಂದೊಂದು ಸೇರ್ಪಡೆಗೂ ಒಂದು ಸರಿಯಾದ ಕಾರಣವಿದೆ. ಸೋರಿಕೆ ತಡೆಯಬೇಕು, ಅಪೌಷ್ಟಿಕ ಮಗು ಲೆಕ್ಕ ತಪ್ಪಬಾರದು, ನಿಜ. ಆದರೆ ಹತ್ತು ನಿಮಿಷ ಬೇಡುವ ಕೆಲಸವನ್ನು ಸೇರಿಸಿದವರು, ಆ ಹತ್ತು ನಿಮಿಷ ಎಲ್ಲಿಂದ ಬರುತ್ತದೆಂದು ಆದೇಶದಲ್ಲಿ ಬರೆಯಲಿಲ್ಲ. ಅದು ಬಂದದ್ದು ಹಾಡು ಕತೆಯ ಹೊತ್ತಿನಿಂದ.

ತಟ್ಟೆಯ ವಿಷಯದಲ್ಲಿ ನಮ್ಮ ಕಾನೂನು ಬಹಳ ಖಚಿತವಾಗಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಮೂಲ ಅನುಸೂಚಿಯಲ್ಲಿ ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಎಂದು ಅಂಕಿಯಲ್ಲೇ ಬರೆದಿತ್ತು. ಅಂಕಿ ಇದ್ದದ್ದರಿಂದ ಜನ ಕೇಳುತ್ತಾರೆ, ಪತ್ರಿಕೆ ಬರೆಯುತ್ತದೆ, ನ್ಯಾಯಾಲಯ ಹಿಡಿದು ಪ್ರಶ್ನಿಸುತ್ತದೆ. ಅದೇ ವರ್ಷ ಬಂದ ರಾಷ್ಟ್ರೀಯ ಆರಂಭಿಕ ಬಾಲ್ಯದ ಆರೈಕೆ ಮತ್ತು ಶಿಕ್ಷಣ ನೀತಿಯಲ್ಲಿ ಕೈಗಳ ಲೆಕ್ಕವೂ ಇದೆ: ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು, ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು. ಮೂವತ್ತು ಮಕ್ಕಳಿಗೆ 35 ಚದರ ಮೀಟರ್ ಕೋಣೆ, ಹೊರಗೆ ಆಡಲು 30 ಚದರ ಮೀಟರ್ ಜಾಗ. ಆದರೆ ಅದು ನೀತಿ, ಕಾಯ್ದೆಯಲ್ಲ. ಮುರಿದರೆ ಕೇಳುವವರಿಲ್ಲ. ಅಡುಗೆಯಲ್ಲಿ ಮುಳುಗಿದ ಸಹಾಯಕಿಯನ್ನೂ ಒಬ್ಬರೆಂದು ಎಣಿಸಿ ಅನುಪಾತ ಸರಿಯಾಗಿದೆ ಎಂದು ಬರೆದುಕೊಳ್ಳಬಹುದು.

ಇನ್ನೊಂದು ಕೈ ಸಿಕ್ಕರೆ ಏನಾಗುತ್ತದೆ? ಇದನ್ನು ಊಹಿಸಬೇಕಾಗಿಲ್ಲ, ಪಕ್ಕದ ತಮಿಳುನಾಡಿನಲ್ಲಿ ಮಾಡಿ ನೋಡಿದ್ದಾರೆ. ಅರ್ಥಶಾಸ್ತ್ರಜ್ಞರಾದ ಅಲೆಹಾಂದ್ರೊ ಗನಿಮಿಯನ್, ಕಾರ್ತಿಕ್ ಮುರಳೀಧರನ್ ಮತ್ತು ಕ್ರಿಸ್ಟೋಫರ್ ವಾಲ್ಟರ್ಸ್ ನಾಲ್ಕು ಜಿಲ್ಲೆಗಳ 320 ಅಂಗನವಾಡಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನ ಕೇಂದ್ರಗಳಲ್ಲಿ ಪಾಠ ಆಟಗಳಿಗೆಂದೇ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಇಟ್ಟ ಯೋಜನೆಯ ಫಲವನ್ನು ಅಳೆದರು. ಶಾಲಾಪೂರ್ವ ಕಲಿಕೆಯ ಹೊತ್ತು ಎರಡರಷ್ಟಾಯಿತು. ಹದಿನೆಂಟು ತಿಂಗಳಾದ ಮೇಲೆ ಆ ಕೇಂದ್ರಗಳ ಮಕ್ಕಳು ಲೆಕ್ಕದಲ್ಲೂ ಭಾಷೆಯಲ್ಲೂ ಮುಂದಿದ್ದರು. ಇನ್ನೊಂದು ಫಲವೂ ಸಿಕ್ಕಿತು: ತೀವ್ರ ಅಪೌಷ್ಟಿಕತೆ, ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳ ಪ್ರಮಾಣ ಕಡಿಮೆಯಾಯಿತು. ಹೊಸಬಳು ಅಡುಗೆಗೂ ಬಂದವಳಲ್ಲ, ತೂಕ ಹಾಕಲೂ ಬಂದವಳಲ್ಲ. ಅವಳು ಮಕ್ಕಳೊಂದಿಗೆ ಕೂತದ್ದರಿಂದ ಹಳೆಯ ಕಾರ್ಯಕರ್ತೆಗೆ ಆಹಾರ, ಆರೋಗ್ಯದ ಕೆಲಸಕ್ಕೆ ಹೊತ್ತು ಸಿಕ್ಕಿತು. ಅಕ್ಷರಕ್ಕೆಂದು ಕೊಟ್ಟ ಕೈ ಅನ್ನವನ್ನೂ ಗಟ್ಟಿ ಮಾಡಿತು.

ಈ ಒಂದು ಪ್ರಯೋಗವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ, ಏಕೆಂದರೆ ಗುಣಮಟ್ಟ ಎಂದರೆ ತರಬೇತಿ ಮತ್ತು ತಪಾಸಣೆ ಎಂದೇ ನಾವು ನಂಬಿಕೊಂಡಿದ್ದೇವೆ. ತರಬೇತಿ ಬೇಡವೆಂದಲ್ಲ. ಮೂರು ವರ್ಷದ ಮಗುವಿನ ಮಿದುಳು ಹೇಗೆ ಬೆಳೆಯುತ್ತದೆಂದು ಟೀಚರಿಗೆ ಎಷ್ಟು ಚೆನ್ನಾಗಿ ಹೇಳಿಕೊಟ್ಟರೂ, ಅದನ್ನು ಬಳಸಲು ಅವಳು ಆ ಮಗುವಿನ ಮುಂದೆ ಕೂತಿರಬೇಕಲ್ಲ! ಕ್ಯಾಮೆರಾದ ವಿಚಾರವೂ ಹಾಗೆಯೇ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2016ರಲ್ಲಿ ಖಾಸಗಿ ಪ್ಲೇಸ್ಕೂಲುಗಳಿಗೆ ಮಾರ್ಗಸೂಚಿ ತಂದಿತು. ಅದರಲ್ಲಿ 20 ಮಕ್ಕಳಿಗೆ ಒಬ್ಬ ಟೀಚರ್ ಜೊತೆಗೆ ಒಬ್ಬ ಆರೈಕೆದಾರೆ ಇರಬೇಕು ಎಂಬ ಬಹಳ ಒಳ್ಳೆಯ ಮಾತಿದೆ, ಸಿಸಿಟಿವಿಯೂ ಇದೆ. ಶಾಲೆಗಳು ಜಾಹೀರಾತಿನಲ್ಲಿ ಹಾಕಿಕೊಂಡದ್ದು ಎರಡನೆಯದನ್ನು. ಅಪ್ಪ ಅಮ್ಮ ಆಫೀಸಿನಲ್ಲಿ ಕೂತು ಫೋನಿನಲ್ಲಿ ನೋಡಬಹುದು ಎಂಬುದು ಮಾರಾಟದ ಮಾತಾಯಿತು. ಕ್ಯಾಮೆರಾ ಹೊಡೆತವನ್ನು ತಡೆಯಬಹುದು, ಅದರ ಬೆಲೆ ನನಗೆ ಗೊತ್ತು. ಆದರೆ ಬಿದ್ದ ಮಗುವನ್ನು ಅದು ಎತ್ತಲಾರದು.

ಕೈಯ ಬೆಲೆಯ ಮಾತಿಗೆ ಬರುತ್ತೇನೆ. ನಮ್ಮ ರಾಜ್ಯದ ಹೆಸರೇ ಇರುವ ಒಂದು ಮೊಕದ್ದಮೆ ಇದೆ: ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ. 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತು. ಅದೇ ತಿಂಗಳು, ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ದೇಶದಲ್ಲಿ 14 ಲಕ್ಷ ಅಂಗನವಾಡಿಗಳು ಇರಬೇಕೆಂದು ಆದೇಶಿಸಿತು. ಕೇಂದ್ರಗಳು ಕಡ್ಡಾಯ, ಅವುಗಳನ್ನು ನಡೆಸುವವಳ ಹುದ್ದೆ ಹುದ್ದೆಯೇ ಅಲ್ಲ. ಹದಿನೈದು ವರ್ಷ ಹೀಗೆ ಕಳೆದ ಮೇಲೆ 2022ರ ಏಪ್ರಿಲ್‌ನಲ್ಲಿ ಗುಜರಾತಿನ ಮಣಿಬೆನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ, ಇವರಿಗೆ ಗ್ರಾಚ್ಯುಟಿ ಕೊಡಲೇಬೇಕು, ಗೌರವಧನ ಎಂದು ಕರೆದ ಮಾತ್ರಕ್ಕೆ ಅದು ವೇತನವಲ್ಲದೆ ಹೋಗುವುದಿಲ್ಲ, ಇದು ಅರೆಕಾಲಿಕ ಕೆಲಸವೂ ಅಲ್ಲ ಎಂದು ತೀರ್ಪಿತ್ತರು. ಅಂಗನವಾಡಿಯಲ್ಲಿ ನಡೆಯುವುದು ಶಿಕ್ಷಣವೇ ಎಂದೂ ಗುರುತಿಸಿದರು. ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಕಾರ್ಯಕರ್ತೆಯ ಗೌರವಧನ 2018ರ ಅಕ್ಟೋಬರ್‌ನಲ್ಲಿ 3,000 ರೂಪಾಯಿಯಿಂದ 4,500ಕ್ಕೆ, ಸಹಾಯಕಿಯದು 1,500ರಿಂದ 2,250ಕ್ಕೆ ಏರಿತ್ತು. ರಾಜ್ಯ ಅದರ ಮೇಲೆ ತನ್ನ ಪಾಲು ಹಾಕುತ್ತದೆ. ಹಾಗೆ ಹಾಕಿಸಿಕೊಳ್ಳಲು ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತಿದ್ದಾರೆ.

ಇದು ಮಕ್ಕಳ ವಿಷಯ ಹೇಗಾಯಿತು ಎಂದು ಕೇಳುವವರಿದ್ದಾರೆ. ತಿಂಗಳ ಕೊನೆಗೆ ಮನೆ ಬಾಡಿಗೆಗೆ ಕೈಗಡ ಕೇಳುವ ಚಿಂತೆಯಲ್ಲಿರುವವಳು ಅಳುವ ಮಗುವಿನ ಮುಂದೆ ಎಷ್ಟು ತಾಳ್ಮೆ ತಂದುಕೊಳ್ಳಬೇಕು? ಚಿಕ್ಕ ಮಗು ಮಾತಿಗಿಂತ ಮೊದಲು ಓದುವುದು ಮುಖವನ್ನು. ದಣಿದ ಮುಖ, ಹೆದರಿದ ಮುಖ ಅದಕ್ಕೆ ತಕ್ಷಣ ತಿಳಿಯುತ್ತದೆ. ಜೊತೆಗೆ, ಕಡಿಮೆ ಸಂಬಳದ ಕೆಲಸದಲ್ಲಿ ಜನ ನಿಲ್ಲುವುದಿಲ್ಲ. ಖಾಸಗಿ ಪ್ಲೇಸ್ಕೂಲುಗಳಲ್ಲಿ ಮಿಸ್ ವರ್ಷದ ನಡುವೆ ಬಿಟ್ಟು ಹೋಗುವುದು ಮಾಮೂಲು. ಎರಡು ತಿಂಗಳು ಅತ್ತು, ಕೊನೆಗೆ ಒಂದು ಮಡಿಲಿಗೆ ಒಗ್ಗಿಕೊಂಡ ಮಗು ಮತ್ತೆ ಮೊದಲಿನಿಂದ ಅಳಬೇಕು.

ಮಡಿಲು ಬದಲಾಗುವುದನ್ನು ನಿಯಮವೇ ತಂದಿಟ್ಟ ಉದಾಹರಣೆಯೂ ನಮ್ಮಲ್ಲಿದೆ. ಗ್ರಾಮ ಪಂಚಾಯಿತಿಗಳ ಕೂಸಿನ ಮನೆ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬಳನ್ನು ಕೂಲಿ ಕೊಟ್ಟು ನೇಮಿಸಬೇಕೆಂದು ಇದ್ದರೂ, ಬಹಳ ಕಡೆ ಮಗು ಮಲಗುತ್ತಿದ್ದದ್ದು ಗಿಡದ ನೆರಳಿನಲ್ಲಿ, ಸೀರೆಯ ಜೋಲಿಯಲ್ಲಿ. 2023ರಲ್ಲಿ ಕರ್ನಾಟಕ ಈ ಯೋಜನೆಯಡಿ 4,000 ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ಹೇಳಿ, ಆ ಮಗುವಿಗೆ ಸೂರು ಕೊಟ್ಟಿತು. ಆದರೆ ಆರೈಕೆದಾರೆಯರ ಕೂಲಿ ಉದ್ಯೋಗ ಖಾತರಿಯಿಂದ ಬರುವಂತೆ ಮಾಡಿದರು. ಆ ಕಾಯ್ದೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ನೂರು ದಿನದ ಕೆಲಸವಿತ್ತು. ಹಾಗಾಗಿ ಊರಿನ ಹಲವು ಹೆಂಗಸರಿಗೆ ತರಬೇತಿ ಕೊಟ್ಟು ಸರದಿಯ ಮೇಲೆ ಕೆಲಸಕ್ಕೆ ಹಾಕುವ ಏರ್ಪಾಡಾಯಿತು. ಕೂಲಿಯನ್ನು ಹಂಚುವ ದೃಷ್ಟಿಯಿಂದ ಇದು ನ್ಯಾಯವೇ. ಎಂಟು ತಿಂಗಳ ಕೂಸಿನ ದೃಷ್ಟಿಯಿಂದ ನೋಡಿ: ಪರಿಚಯವಿಲ್ಲದ ಮುಖ ಕಂಡರೆ ಅಳುವ ವಯಸ್ಸು ಅದು. ಕಾಲುವೆ ತೋಡುವ ಕೆಲಸದಲ್ಲಿ ಇಂದು ಒಬ್ಬರು, ನಾಳೆ ಇನ್ನೊಬ್ಬರು ಬಂದರೆ ಮಣ್ಣಿಗೆ ಏನೂ ಆಗುವುದಿಲ್ಲ. ಕೂಸಿಗೆ ಆಗುತ್ತದೆ. ಮಣ್ಣಿನ ಕೆಲಸದ ಲೆಕ್ಕವನ್ನು ಮಡಿಲಿನ ಕೆಲಸಕ್ಕೆ ಹಚ್ಚಬಾರದಿತ್ತು.

ಕಾರ್ಖಾನೆಗಳ ಕತೆ ಬೇರೆ, ಮೂಲ ಒಂದೇ. 1948ರ ಕಾರ್ಖಾನೆ ಕಾಯ್ದೆ ಮೂವತ್ತಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಶಿಶುಪಾಲನಾ ಕೊಠಡಿ ಬೇಕೆಂದಿತ್ತು. ತೋಟಗಳಿಗೆ, ಕಟ್ಟಡದ ಕೆಲಸಕ್ಕೆ ಬೇರೆ ಬೇರೆ ಕಾಯ್ದೆಗಳಲ್ಲಿ ಐವತ್ತು ಹೆಂಗಸರ ಲೆಕ್ಕವಿತ್ತು. ಹೆಂಗಸರನ್ನು ಮಾತ್ರ ಎಣಿಸುವ ಕಾನೂನು, ಮಗು ಹೆಂಗಸಿನ ಹೊರೆ ಮಾತ್ರ ಎಂದು ಒಪ್ಪಿಕೊಂಡಂತೆ. ಹೆಂಗಸನ್ನು ಕೆಲಸಕ್ಕೆ ತೆಗೆದುಕೊಳ್ಳುವುದೇ ಖರ್ಚು ಎಂದು ಮಾಲೀಕನಿಗೆ ಹೇಳಿಕೊಟ್ಟಂತೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಗಂಡಸರನ್ನೂ ಸೇರಿಸಿ ಐವತ್ತು ಉದ್ಯೋಗಿಗಳೆಂದು ಎಣಿಸಿತು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದೆಂದಿತು. 2020ರ ಕಾರ್ಮಿಕ ಸಂಹಿತೆಗಳೂ ಹಾಗೆಯೇ ಎಣಿಸುತ್ತವೆ. ಇದು ನಿಜವಾದ ಸುಧಾರಣೆ. ಆದರೆ ಬೆಂಗಳೂರಿನ ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಮುಂದೆ ಕೂತ ಟೈಲರಿಗೆ ನಾಲ್ಕು ಸಲ ಏಳುವ ಧೈರ್ಯ ಯಾರು ಕೊಡುತ್ತಾರೆ? ನಸುಕಿನಲ್ಲಿ ಕಿಕ್ಕಿರಿದ ವ್ಯಾನಿನಲ್ಲಿ ಕೈಗೂಸನ್ನು ಹೇಗೆ ತರುತ್ತಾಳೆ? ಅದಕ್ಕೇ ಎಷ್ಟೋ ಮಕ್ಕಳು ಊರಿನಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿವೆ, ತಾಯಿ ಹಬ್ಬಕ್ಕೆ ಬರುವ ನೆಂಟಳಾಗಿದ್ದಾಳೆ. ಮನೆಗೆಲಸದವಳು, ತರಕಾರಿ ಗಾಡಿಯವಳು, ಕಳೆ ಕೀಳುವವಳು ಈ ಐವತ್ತರ ಲೆಕ್ಕದೊಳಗೆ ಬರುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಎದುರು ಮಾತನ್ನೂ ಕೇಳಬೇಕು, ಅದರಲ್ಲಿ ತೂಕವಿದೆ. ನಿಯಮ ಬಿಗಿ ಮಾಡಿದರೆ ಖರ್ಚು ಏರುತ್ತದೆ, ಸಣ್ಣವರು ಬಾಗಿಲು ಹಾಕುತ್ತಾರೆ, ಬಡ ಮಗುವಿಗೆ ಇದ್ದದ್ದೂ ಹೋಗುತ್ತದೆ. ಅಮೆರಿಕದ ರಾಜ್ಯಗಳ ನಿಯಮಗಳನ್ನು ಅಧ್ಯಯನ ಮಾಡಿದ ಜೋಸೆಫ್ ಹಾಟ್ಜ್ ಮತ್ತು ಮೋ ಷಿಯಾವೊ 2011ರಲ್ಲಿ ಕಂಡದ್ದು ಇದನ್ನೇ: ಬಿಗಿ ನಿಯಮ ಇದ್ದಲ್ಲಿ ಗುಣಮಟ್ಟ ಏರಿತು, ಹೆಚ್ಚಾಗಿ ಉಳ್ಳವರ ಬಡಾವಣೆಗಳಲ್ಲಿ, ಕೇಂದ್ರಗಳ ಸಂಖ್ಯೆ ಇಳಿಯಿತು, ಹೆಚ್ಚಾಗಿ ಬಡವರ ಬಡಾವಣೆಗಳಲ್ಲಿ. ಇಂಗ್ಲೆಂಡ್ ಇದೇ ಖರ್ಚಿನ ಒತ್ತಡಕ್ಕೆ ಮಣಿದು 2023ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷದ ಮಕ್ಕಳ ಅನುಪಾತವನ್ನು ನಾಲ್ಕಕ್ಕೆ ಒಬ್ಬರಿಂದ ಐದಕ್ಕೆ ಒಬ್ಬರಿಗೆ ಸಡಿಲಿಸಿತು. ಅಲ್ಲಿ ಒಂದು ಮಗು ಹೆಚ್ಚಾದದ್ದಕ್ಕೆ ಆರೈಕೆದಾರರೂ ಪೋಷಕರೂ ದನಿಯೆತ್ತಿದರು. ನಾವು ಕಾಗದದ ಮೇಲೆ ಒಪ್ಪಿಕೊಂಡಿರುವುದೇ ಹತ್ತಕ್ಕೆ ಒಬ್ಬರು.

ಈ ಎದುರು ಮಾತಿನಿಂದ ನಾನು ಕಲಿತದ್ದು, ಹಣ ಬೇಡುವ ನಿಯಮವನ್ನು ಹಣವಿಲ್ಲದವರ ತಲೆಗೆ ಕಟ್ಟಬಾರದು ಎಂದು. ಕೊಳೆಗೇರಿಯಲ್ಲಿ ನಾಲ್ಕು ಮನೆಯ ಮಕ್ಕಳನ್ನು ತನ್ನ ಮನೆಯಲ್ಲಿಟ್ಟುಕೊಂಡು ನೋಡುವ ಅಜ್ಜಿಗೆ ಬೇಲಿ, ಕ್ಯಾಮೆರಾ, ಪ್ರಮಾಣಪತ್ರ ಕೇಳಿದರೆ ಆ ಮಕ್ಕಳು ಬೀಗ ಹಾಕಿದ ಮನೆಯೊಳಗೆ ಉಳಿಯುತ್ತವೆ. ಅಲ್ಲಿಗೆ ಹೋಗುವ ತಪಾಸಕಿ ಹಾಸಿಗೆ, ಕುಡಿಯುವ ನೀರಿನ ಫಿಲ್ಟರು, ಔಷಧದ ಡಬ್ಬಿ ಹಿಡಿದು ಹೋಗಲಿ; ತಪ್ಪು ಬರೆದುಕೊಳ್ಳುವ ಪುಸ್ತಕ ಆಮೇಲೆ. ಸರ್ಕಾರದ್ದೇ ಕೇಂದ್ರಗಳಲ್ಲಿ ಮಾತ್ರ ಅನುಪಾತ ಕಡ್ಡಾಯವಾಗಲಿ, ಅದರ ಖರ್ಚೂ ಸರ್ಕಾರದ್ದೇ ಆಗಲಿ. ಅರವತ್ತೈದು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿರುವ ರಾಜ್ಯಕ್ಕೆ ಇದು ದೊಡ್ಡ ಮೊತ್ತ ಎಂಬುದನ್ನು ಮರೆಮಾಚುವುದಿಲ್ಲ. ತಮಿಳುನಾಡಿನ ಪ್ರಯೋಗ ತೋರಿಸಿದ್ದು ಅರ್ಧ ದಿನದ ಒಂದು ಕೈ ಸಾಕು ಎಂದು. ಅದೂ ಊರಿನಲ್ಲೇ ಇರುವ ಓದಿದ ಹೆಣ್ಣುಮಗಳ ಕೈ.

ಇದು ಈವರೆಗೆ ಆಗದಿರಲು ಸಂವಿಧಾನದಲ್ಲೇ ಒಂದು ಕಾರಣವಿದೆ. 1950ರ 45ನೆಯ ವಿಧಿ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ಶಿಕ್ಷಣದ ಮಾತಾಡಿತ್ತು, ಕೆಳಗೆ ಗೆರೆ ಎಳೆದಿರಲಿಲ್ಲ. 2002ರ 86ನೆಯ ತಿದ್ದುಪಡಿ ಆರರಿಂದ ಹದಿನಾಲ್ಕರವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿ, ಆರರ ಕೆಳಗಿನವರನ್ನು ‘ಪ್ರಯತ್ನಿಸತಕ್ಕದ್ದು’ ಎಂಬ ಪಟ್ಟಿಯಲ್ಲಿ ಬಿಟ್ಟಿತು. ಒಂದನೆಯ ತರಗತಿಯ ಮೇಷ್ಟರಿಲ್ಲದಿದ್ದರೆ ಪೋಷಕರು ನ್ಯಾಯಾಲಯಕ್ಕೆ ಹೋಗಬಹುದು. ಅಂಗನವಾಡಿಯಲ್ಲಿ ಕೈ ಸಾಲದಿದ್ದರೆ ಹಾಗೆ ಹಿಡಿದು ಹೋಗಲು ಹಕ್ಕಿನ ಸಾಲೊಂದು ಇಲ್ಲ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರ ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದನ್ನು ಹಲವರು ಬರೀ ಕೆಲಸ ಉಳಿಸಿಕೊಳ್ಳುವ ಹೋರಾಟವೆಂದರು. ನನಗೆ ಅದರಲ್ಲಿ ಇನ್ನೊಂದು ಪ್ರಶ್ನೆ ಕೇಳಿಸಿತು: ಇಷ್ಟು ವರ್ಷ ನಾವು ಮಾಡಿದ್ದನ್ನು ಪಾಠವೆಂದು ಎಣಿಸಲಿಲ್ಲವೇ?

ಅಂಗನವಾಡಿ ಎಂಬ ಹೆಸರು ತಾರಾಬಾಯಿ ಮೋಡಕರದು. ಮಹಾರಾಷ್ಟ್ರದ ಬೋರ್ಡಿಯಲ್ಲಿ 1945ರಿಂದ ಅನುತಾಯಿ ವಾಘ್ ಅವರ ಜೊತೆ ಬಾಲಶಿಕ್ಷಣ ಕಟ್ಟುವಾಗ, ಮಕ್ಕಳು ಶಾಲೆಗೆ ಬರದಿದ್ದಾಗ ಅವರು ಶಾಲೆಯನ್ನೇ ಮಕ್ಕಳ ಅಂಗಳಕ್ಕೆ ಒಯ್ದರು. ಮಗು ಎಲ್ಲಿದೆಯೋ ಅಲ್ಲಿಂದ ಅವರ ಕೆಲಸ ಶುರುವಾಗುತ್ತಿತ್ತು. ನಿಯಮ ಬರೆಯುವವರೂ ಅಲ್ಲಿಂದಲೇ ಶುರು ಮಾಡಲಿ ಎಂದು ಕೇಳಿಕೊಳ್ಳುತ್ತೇನೆ. ಸಮೀಕ್ಷೆ ಮತ್ತು ಮತದಾರರ ಪಟ್ಟಿಯ ಕೆಲಸದಿಂದ ಟೀಚರನ್ನು ಬಿಡಿಸಿ. ಪ್ರತಿ ಕೇಂದ್ರಕ್ಕೆ ಮಕ್ಕಳೊಂದಿಗೆ ಕೂರಲೆಂದೇ ಇನ್ನೊಬ್ಬಳನ್ನು ಕೊಡಿ. ಕೂಸಿನ ಮನೆಯಲ್ಲಿ ವರ್ಷವಿಡೀ ಒಂದೇ ಮಡಿಲು ಇರುವಂತೆ ಕೂಲಿಯ ನಿಯಮ ತಿದ್ದಿ. ಓದುಗರಲ್ಲೂ ಒಂದು ಮಾತು: ನಿಮ್ಮ ಬೀದಿಯ ಅಂಗನವಾಡಿಗೆ ಒಂದು ಬೆಳಗ್ಗೆ ಹೋಗಿ, ಮಕ್ಕಳನ್ನು ಎಣಿಸಿ, ಆಮೇಲೆ ಅಲ್ಲಿ ಆ ಹೊತ್ತಿನಲ್ಲಿ ಬಿಡುವಾಗಿರುವ ಕೈಗಳನ್ನು ಎಣಿಸಿ. ಆ ಎರಡು ಸಂಖ್ಯೆಗಳನ್ನು ಬರೆದು ನಿಮ್ಮ ಪಂಚಾಯಿತಿ ಸದಸ್ಯರಿಗೆ, ಶಾಸಕರಿಗೆ ಕೊಡಿ.